ಸಾವಿನ ಲೆಕ್ಕ ಆಸ್ಪತ್ರೆಗೆ ಏನು ಹೇಳುತ್ತೆ?

ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ. ತಾಲ್ಲೂಕು ಆಸ್ಪತ್ರೆಯಲ್ಲಿ ದಾಖಲಾದ 100 ಜನರಲ್ಲಿ ಒಬ್ಬರು ತೀರಿಕೊಂಡರು, ಜಿಲ್ಲಾಸ್ಪತ್ರೆಯಲ್ಲಿ ನಾಲ್ವರು ತೀರಿಕೊಂಡರು ಅಂದ್ಕೊಳ್ಳಿ. ಯಾವ ಆಸ್ಪತ್ರೆ ಒಳ್ಳೇದು? ತಕ್ಷಣ ತಾಲ್ಲೂಕು ಅನ್ನಬೇಡಿ. ಅಲ್ಲಿ ಕೈಮೀರಿದ ಕೇಸ್‌ಗಳೆಲ್ಲ ಆಂಬುಲೆನ್ಸ್ ಹತ್ತಿ ಬರೋದು ಜಿಲ್ಲಾಸ್ಪತ್ರೆಗೇ. ಬರೀ ಸಾವಿನ ಸಂಖ್ಯೆ ನೋಡಿದ್ರೆ, ಕಷ್ಟದ ರೋಗಿಗಳನ್ನ ಸೇರಿಸಿಕೊಂಡವರೇ ಕೆಟ್ಟವರಾಗಿ ಕಾಣ್ತಾರೆ.

ಇದಕ್ಕೆ ಇಂಗ್ಲೆಂಡಿನ ವೈದ್ಯ ಬ್ರಯಾನ್ ಜಾರ್ಮನ್ ಮತ್ತು ಅವರ ತಂಡ ಒಂದು ದಾರಿ ಹುಡುಕಿತು. ಅದರ ಹೆಸರು ಎಚ್‌ಎಸ್‌ಎಂಆರ್. ರೋಗಿಯ ವಯಸ್ಸು, ಕಾಯಿಲೆ, ತುರ್ತಾಗಿ ಬಂದದ್ದಾ ಅನ್ನೋದನ್ನೆಲ್ಲ ನೋಡಿ, ಇಂಥ ರೋಗಿಗಳಲ್ಲಿ ದೇಶದ ಸರಾಸರಿ ಪ್ರಕಾರ ಎಷ್ಟು ಸಾವು ಆಗಬಹುದಿತ್ತು ಅಂತ ಅಂದಾಜು ಮಾಡ್ತಾರೆ. ಅದನ್ನ ನಿಜವಾಗಿ ಆದ ಸಾವಿನ ಜೊತೆ ಹೋಲಿಸ್ತಾರೆ. 100 ಬಂದ್ರೆ ಅಂದಾಜಿನಷ್ಟೇ, 120 ಬಂದ್ರೆ ಶೇ 20ರಷ್ಟು ಹೆಚ್ಚು. ಬಿಕಾಂ ಓದಿದವರಿಗೆ ಗೊತ್ತು, ಬಜೆಟ್‌ಗೂ ನಿಜವಾದ ಖರ್ಚಿಗೂ ಇರೋ ವ್ಯತ್ಯಾಸ ನೋಡೋ ಥರಾನೇ ಇದು.

ಈಗ ನಿಜವಾದ ಕಥೆಗೆ ಬರೋಣ. 2007ರಲ್ಲಿ ಇಂಗ್ಲೆಂಡಿನ ಮಿಡ್ ಸ್ಟಾಫರ್ಡ್‌ಶೈರ್ ಟ್ರಸ್ಟ್‌ನ ಸಂಖ್ಯೆ 127 ಅಂತ ಪ್ರಕಟವಾಯ್ತು. ಆ ಹೊತ್ತಿಗೆ ಟ್ರಸ್ಟ್ ಒಂದು ಕೋಟಿ ಪೌಂಡ್ ಉಳಿಸೋಕೆ ಹೊರಟು, 150ಕ್ಕೂ ಹೆಚ್ಚು ಹುದ್ದೆಗಳಿಗೆ ಕತ್ತರಿ ಹಾಕಿತ್ತು. ಆಡಳಿತದವರು ಏನಂದ್ರು? ದಾಖಲೆಯಲ್ಲಿ ಕಾಯಿಲೆಯ ಕೋಡ್ ತಪ್ಪಾಗಿ ಬರೆದಿರಬೇಕು ಅಂದ್ರು. ಆದ್ರೆ ನಿಯಂತ್ರಣ ಆಯೋಗ ಒಳಗೆ ಹೋಗಿ ನೋಡಿ, 2009ರಲ್ಲಿ ವರದಿ ಕೊಟ್ಟಾಗ ಬೇರೆಯೇ ಚಿತ್ರ ಸಿಕ್ತು. ನರ್ಸ್‌ಗಳು ಸಾಕಷ್ಟಿರಲಿಲ್ಲ. ತುರ್ತು ವಿಭಾಗದಲ್ಲಿ ಯಾರನ್ನ ಮೊದಲು ನೋಡಬೇಕು ಅಂತ ವೈದ್ಯಕೀಯ ತರಬೇತಿಯೇ ಇಲ್ಲದ ರಿಸೆಪ್ಷನಿಸ್ಟ್‌ಗಳು ತೀರ್ಮಾನಿಸ್ತಿದ್ರು. ಲೆಕ್ಕದ ಪುಸ್ತಕದಲ್ಲಿ ಉಳಿತಾಯ ಆಗಿತ್ತು. ಬೆಲೆ ತೆತ್ತವರು ವಾರ್ಡಿನಲ್ಲಿದ್ದರು.

ಜಾರ್ಮನ್ ತಂಡದ 1999ರ ಅಧ್ಯಯನವೂ ಇದೇ ಕಡೆ ಬೆರಳು ತೋರಿಸಿತ್ತು. 100 ಹಾಸಿಗೆಗೆ ಹೆಚ್ಚು ವೈದ್ಯರಿದ್ದ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು.

ಹಾಗಂತ 127 ಅಂದ್ರೆ ಹೆಚ್ಚುವರಿ ಸಾವೆಲ್ಲ ನಿರ್ಲಕ್ಷ್ಯದಿಂದಲೇ ಆಯ್ತು ಅಂತಲ್ಲ. ಕೋಡ್ ತಪ್ಪಿರಬಹುದು, ಅಂದಾಜೂ ತಪ್ಪಿರಬಹುದು. ಈ ಸಂಖ್ಯೆ ತೀರ್ಪಲ್ಲ, ಹೊಗೆ ಕಂಡಾಗ ಹೊಡ್ಕೊಳ್ಳೋ ಅಲಾರಂ. ಅಲಾರಂ ಹೊಡ್ಕೊಂಡ ಮನೆಗೆ ನೀರಿನ ಕನೆಕ್ಷನ್ ಕಟ್ ಮಾಡ್ತೀವಾ? ಸಾವು ಜಾಸ್ತಿ ಅಂತ ಅನುದಾನ ಕಡಿತ ಮಾಡಿದ್ರೆ ಅದೇ ಕಥೆ. ಮುಂದೆ ಆಸ್ಪತ್ರೆಗಳು ಸೀರಿಯಸ್ ರೋಗಿಗಳನ್ನ ಸೇರಿಸಿಕೊಳ್ಳೋಕೇ ಹೆದರ್ತವೆ. ಮೊದಲು ಒಳಗೆ ಹೋಗಿ ನೋಡಬೇಕು. ಎಲ್ಲಿ ಕೈ ಕಡಿಮೆ ಇದೆಯೋ ಅಲ್ಲಿಗೆ ನರ್ಸ್, ಡಾಕ್ಟರ್, ಹಾಸಿಗೆ ಕಳಿಸಬೇಕು.

ಮುಂದಿನ ಸಲ "ಆ ಆಸ್ಪತ್ರೆಯಲ್ಲಿ ಇಷ್ಟು ಸಾವು" ಅನ್ನೋ ಹೆಡ್‌ಲೈನ್ ನಿಮ್ಮ ಮೊಬೈಲಿಗೆ ಬಂದಾಗ ಎರಡು ಪ್ರಶ್ನೆ ಕೇಳಿ. ಎಂಥ ರೋಗಿಗಳು ಬಂದಿದ್ರು? ರಾತ್ರಿ ಪಾಳಿಯಲ್ಲಿ ಎಷ್ಟು ನರ್ಸ್ ಇದ್ರು? ಮುಂದಿನ ಸಂಚಿಕೆಯಲ್ಲಿ ಸಿಗೋಣ.