ಗ್ರಂಥಾಲಯದ ಕಟ್ಟಡವೂ ಸೂರ್ಯನ ದಾರಿಯೂ

ಗ್ರಂಥಾಲಯದಲ್ಲಿ ಓದುಗನಿಗೆ ಬೆಳಕು ಬೇಕು, ಪುಸ್ತಕಕ್ಕೆ ಬೇಡ. ವೃತ್ತಪತ್ರಿಕೆಯ ಹಾಳೆಯೊಂದನ್ನು ಅರ್ಧ ಮುಚ್ಚಿ ಕೆಲವು ದಿನ ಬಿಸಿಲಿನಲ್ಲಿಟ್ಟು ನೋಡಿದರೆ, ತೆರೆದ ಭಾಗ ಮಾತ್ರ ಹಳದಿಯಾಗಿರುವುದು ಕಾಣುತ್ತದೆ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಪದಾರ್ಥ ಉಳಿದಿರುತ್ತದೆ. ಬಿಸಿಲಿನ ನೇರಿಳಾತೀತ ಕಿರಣಗಳೂ ಗಾಳಿಯ ಆಮ್ಲಜನಕವೂ ಸೇರಿ ಅದನ್ನು ಕೆಡಿಸುತ್ತವೆ. ಹಾಳೆ ಕ್ರಮೇಣ ಪುಡಿಯಾಗುತ್ತದೆ.

ಹಾಗೆಂದು ಪುಸ್ತಕಗಳನ್ನು ಕತ್ತಲೆಯ ಬೀರುವಿನಲ್ಲಿಟ್ಟು ಬೀಗ ಹಾಕಬಹುದೆ? ಪುಸ್ತಕವಿರುವುದು ಬಳಸುವುದಕ್ಕಾಗಿ ಎಂಬುದನ್ನೇ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರವಾಗಿ ಇಟ್ಟರು. ಆದುದರಿಂದ ಶಿಲ್ಪಿಯ ಮುಂದಿರುವ ಸಮಸ್ಯೆ ಇದು: ಬೆಳಕು ಒಳಗೆ ಬರಬೇಕು, ಬಿಸಿಲು ಬರಕೂಡದು.

ಈ ಸಮಸ್ಯೆಯನ್ನು ಸೊಗಸಾಗಿ ಬಿಡಿಸಿದವರಲ್ಲಿ ಫಿನ್ಲೆಂಡಿನ ಆಲ್ವಾರ್ ಆಲ್ಟೊ ಪ್ರಮುಖನು. ವೀಪುರಿ ಎಂಬ ಊರಿನಲ್ಲಿ 1935ರಲ್ಲಿ ತೆರೆದ ಗ್ರಂಥಾಲಯಕ್ಕೆ ಆತ ಮಾಡಿನಲ್ಲಿಯೇ 57 ಗುಂಡು ಬೆಳಕಿಂಡಿಗಳನ್ನಿಟ್ಟನು. ಒಂದೊಂದರ ವ್ಯಾಸ ಸುಮಾರು 1.8 ಮೀಟರ್. ಅಲ್ಲಿಯ ಅಕ್ಷಾಂಶ ಸುಮಾರು 60.7 ಡಿಗ್ರಿ, ಜೂನ್ 21ರ ನಡುಹಗಲಿನಲ್ಲಿಯೂ ಸೂರ್ಯನು ದಿಗಂತದಿಂದ 53 ಡಿಗ್ರಿಯಷ್ಟೂ ಮೇಲೇರಲಾರನು. ಇಷ್ಟು ಓರೆಯಾಗಿ ಬರುವ ಕಿರಣ ಆಳವಾದ ಬೆಳಕಿಂಡಿಯ ಬಿಳಿಯ ಗೋಡೆಗೆ ಬಡಿಯುವುದೇ ಹೊರತು ನೇರವಾಗಿ ಕೆಳಗಿಳಿಯದು. ಗೋಡೆಯಿಂದ ಎಲ್ಲ ದಿಕ್ಕಿಗೂ ಚದರಿ ಬಂದ ಬೆಳಕಿನಲ್ಲಿ ಓದುಗನ ಕೈಯ ನೆರಳು ಸಹ ಪುಟದ ಮೇಲೆ ಗಾಢವಾಗಿ ಬೀಳುವುದಿಲ್ಲ. ಈ ಊರು ಇಂದು ರಷ್ಯದಲ್ಲಿದೆ. ಯುದ್ಧಾನಂತರ ಹಾಳುಬಿದ್ದಿದ್ದ ಕಟ್ಟಡದ ಜೀರ್ಣೋದ್ಧಾರ 2013ರಲ್ಲಿ ಮುಗಿಯಿತು.

ಇದನ್ನೇ ಹಾಸನದ ಬಳಿಯ ಸಾಲಗಾಮೆಗೆ ತಂದರೆ ಏನಾದೀತು? ಇಲ್ಲಿಯ ಅಕ್ಷಾಂಶ ಸುಮಾರು 13 ಡಿಗ್ರಿ. ಡಿಸೆಂಬರ್ 22ರಂದು ನಡುಹಗಲಿನ ಸೂರ್ಯನ ಎತ್ತರ 90ರಿಂದ 13ನ್ನೂ 23.5ನ್ನೂ ಕಳೆದರೆ ಬರುವ 53.5 ಡಿಗ್ರಿ. ಎಂದರೆ, ವೀಪುರಿಯ ನಡುಹಗಲ ಸೂರ್ಯ ಅತ್ಯಂತ ಮೇಲಿರುವ ದಿನಕ್ಕಿಂತ ನಮ್ಮ ಸೂರ್ಯ ಅತ್ಯಂತ ಕೆಳಗಿರುವ ದಿನವೇ ಹೆಚ್ಚು ಎತ್ತರ! ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಇನ್ನೊಮ್ಮೆ ಅವನು ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆಲ್ಟೊನ ಬೆಳಕಿಂಡಿ ಇಲ್ಲಿ ಮೇಜಿನ ಮೇಲೆ ಬಿಸಿಲನ್ನೇ ಸುರಿದೀತು.

ನಾವು ಮಾಡನ್ನು ಮುಚ್ಚಿ ಬದಿಯಿಂದಲೇ ಬೆಳಕನ್ನು ಪಡೆಯಬೇಕು. 1.2 ಮೀಟರ್ ಎತ್ತರದ ಕಿಟಕಿ ದಕ್ಷಿಣಕ್ಕಿದ್ದರೆ, ಡಿಸೆಂಬರ್ ನಡುಹಗಲಿನ ಬಿಸಿಲನ್ನು ತಡೆಯಲು ಸುಮಾರು 90 ಸೆಂಟಿಮೀಟರ್ ಚಾಚಿದ ಸಜ್ಜಾ ಬೇಕು. ಅದೇ ಕಿಟಕಿ ಉತ್ತರಕ್ಕಿದ್ದರೆ, ಜೂನ್ ನಡುಹಗಲಿನಲ್ಲಿ ಸೂರ್ಯ ಉತ್ತರಕ್ಕೆ ವಾಲುವುದು ಹತ್ತು ಡಿಗ್ರಿಗಿಂತ ತುಸು ಹೆಚ್ಚಾದುದರಿಂದ, 22 ಸೆಂಟಿಮೀಟರ್ ಸಾಕು. ತ್ರಿಕೋಣಮಿತಿ ಬಲ್ಲ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಬೆಳಗ್ಗೆ ಸಂಜೆಗಳಲ್ಲಿ ಇನ್ನೂ ಹೆಚ್ಚಿನ ಮರೆ ಬೇಕೆಂಬುದು ನಿಜ. ಆದರೂ ಓದುವ ಮೇಜುಗಳಿಗೆ ಉತ್ತರದ ಗೋಡೆಯೇ ಲೇಸು. ಪೂರ್ವ ಪಶ್ಚಿಮಗಳಲ್ಲಿ ಸೂರ್ಯ ಕೆಳಗಿಳಿದು ನೇರ ಮುಖಕ್ಕೆ ಹೊಡೆಯುವಾಗ ಯಾವ ಸಜ್ಜಾವೂ ಸಾಲದು. ಅಲ್ಲಿ ಕುರುಡುಗೋಡೆಯನ್ನೋ ಮರಗಳನ್ನೋ ಇಡಬೇಕು. ಆದುದರಿಂದ ಕಟ್ಟಡದ ಉದ್ದ ಪೂರ್ವಪಶ್ಚಿಮವಾಗಿರತಕ್ಕದ್ದು. ಪಶ್ಚಿಮಕ್ಕೆ ಗಾಜಿನ ಗೋಡೆ ನಿಲ್ಲಿಸಿ, ಆಮೇಲೆ ಒಳಗಿನಿಂದ ದಪ್ಪ ಪರದೆ ಎಳೆದು ಹಗಲಿನಲ್ಲೇ ದೀಪ ಹಚ್ಚುವುದನ್ನು ಆಧುನಿಕತೆಯೆಂದು ಕರೆಯಲು ನನಗೆ ಮನಸ್ಸಿಲ್ಲ.

ಕಪಾಟುಗಳನ್ನು ಕಿಟಕಿಯ ಗೋಡೆಗೆ ಲಂಬವಾಗಿ ನಿಲ್ಲಿಸಿದರೆ ಬೆಳಕು ಅವುಗಳ ನಡುವಿನ ಓಣಿಗಳಲ್ಲಿ ಹರಿಯುತ್ತದೆ. ಪುಸ್ತಕದ ಬೆನ್ನಿನ ಮೇಲಿನ ಹೆಸರನ್ನು ಓದಬಹುದು. ಮಳೆಗಾಲದ ಸಾಲಗಾಮೆಯಲ್ಲಿ ತೇವವೂ ಶತ್ರುವೇ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65-70ನ್ನು ಮೀರಿ ನಿಂತರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕಪಾಟು ಗೋಡೆಗೆ ಅಂಟದೆ, ಹಿಂದೆ ಗಾಳಿಯಾಡಲು ಒಂದು ಗೇಣಾದರೂ ಎಡೆಯಿರಬೇಕು. ಇನ್ನು ಭಾರ. ವಾಸದ ಮನೆಯ ನೆಲ ಚದರ ಮೀಟರಿಗೆ 200 ಕಿಲೋಗ್ರಾಂ ಹೊತ್ತರೆ ಸಾಕೆಂದು ಲೆಕ್ಕ; ಪುಸ್ತಕ ತುಂಬಿದ ಕಪಾಟಿನ ಕೋಣೆಗೆ 600. ಮನೆಯೊಂದರ ಮಹಡಿಯನ್ನು ಗ್ರಂಥಾಲಯವಾಗಿ ಮಾರ್ಪಡಿಸುವಾಗ ಕಪಾಟುಗಳನ್ನು ಕೆಳಗಿನ ಅಂತಸ್ತಿನಲ್ಲಿಯೇ ಇಟ್ಟು, ಓದುವ ಮೇಜುಗಳನ್ನು ಮೇಲಕ್ಕೆ ಸಾಗಿಸುವುದು ಕ್ಷೇಮಕರ.