ಶ್ರದ್ಧೆಗೂ ಬೇಕು ಪ್ರಶ್ನೆಯ ಪಾಠ

ದೇವತಾಶಾಸ್ತ್ರದ ಸ್ನಾತಕೋತ್ತರ ಪದವಿ ಎಂದೊಡನೆ, ನಂಬಿದ್ದನ್ನೇ ಮತ್ತೆ ಉರು ಹೊಡೆಯುವ ಓದು ಎಂಬ ಭಾವನೆ ಹಲವರಲ್ಲಿದೆ. ಬೆಂಗಳೂರಿನಲ್ಲಿ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ಕಡೆ ನಡೆಯುವ ಈ ಪದವಿಯ (ಎಂ.ಟಿಎಚ್.) ಅಧ್ಯಯನ ಇದನ್ನು ಸುಳ್ಳು ಮಾಡುತ್ತದೆ. ದೇವತಾಶಾಸ್ತ್ರದ ಮೊದಲ ಪದವಿಯಾದ ಬಿ.ಡಿ. ಮುಗಿಸಿದವರು ಒಂದು ವಿಭಾಗ ಆರಿಸಿಕೊಂಡು ಸಂಶೋಧನಾ ಪ್ರಬಂಧ ಬರೆಯುತ್ತಾರೆ. ಬೈಬಲಿನ ಹಳೆಯ ಒಡಂಬಡಿಕೆಯ ಅಧ್ಯಯನಕ್ಕೆ ಹೀಬ್ರೂ ಬೇಕು, ಹೊಸದಕ್ಕೆ ಗ್ರೀಕ್. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಪ್ರಾಣಿಗಳ ಬಳಿಕ ಗಂಡು-ಹೆಣ್ಣು ಸೃಷ್ಟಿಯಾಗುತ್ತಾರೆ. ಎರಡನೆಯದರಲ್ಲಿ ಮೊದಲು ಗಂಡು, ಆಮೇಲೆ ಪ್ರಾಣಿಗಳು, ಕೊನೆಗೆ ಹೆಣ್ಣು. ಇವು ಬೇರೆ ಬೇರೆ ಪರಂಪರೆಗಳ ಬರಹಗಳೇ ಎಂಬ ಪ್ರಶ್ನೆಗೆ ವಿದ್ಯಾರ್ಥಿ ಮೂಲಪಾಠವನ್ನು ಮುಂದಿಟ್ಟುಕೊಂಡೇ ಉತ್ತರ ಹುಡುಕಬೇಕು. ಬಾಯಿಪಾಠದಿಂದ ಆಗುವ ಕೆಲಸ ಇದಲ್ಲ.

ಧರ್ಮಸಂಸ್ಥೆಯೇ ನಡೆಸುವ ಕಾಲೇಜಿನಲ್ಲಿ ಪ್ರಶ್ನಿಸುವ ಸ್ವಾತಂತ್ರ್ಯ ಎಷ್ಟರಮಟ್ಟಿಗಿದ್ದೀತು ಎಂಬ ಆಕ್ಷೇಪ ಹಗುರವಾದದ್ದಲ್ಲ. ಸಂಸ್ಥೆಯ ಹಿತ ಮತ್ತು ಸತ್ಯದ ಶೋಧ ಎಲ್ಲ ಸಲವೂ ಒಂದೇ ದಾರಿ ಹಿಡಿಯುವುದಿಲ್ಲ. ಆದರೂ ಕ್ರೈಸ್ತ ಸಮುದಾಯದೊಳಗಿನ ಜಾತಿಯನ್ನು ಎದುರಿಸಿ ನಿಂತ ದಲಿತ ದೇವತಾಶಾಸ್ತ್ರದ ಆರಂಭವನ್ನು ದೇವತಾಶಾಸ್ತ್ರಜ್ಞ ಅರವಿಂದ್ ಪಿ. ನಿರ್ಮಲ್ 1981ರಲ್ಲಿ ಇದೇ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಲ್ಲಿ ಗುರುತಿಸುತ್ತಾರೆ. ಹೊರಗಿನವರ ಟೀಕೆಯನ್ನು ದ್ವೇಷವೆಂದು ತಳ್ಳಿಹಾಕುವುದು ಸುಲಭ. ಆದರೆ ಅದೇ ಬೈಬಲನ್ನು ನಂಬಿ, ಅದರ ಭಾಷೆ ಕಲಿತು, ಒಳಗಿನಿಂದಲೇ ಕೇಳುವವರಿಗೆ ಉತ್ತರ ಕೊಡಲೇಬೇಕಾಗುತ್ತದೆ. ಉದ್ಯೋಗದ ಲೆಕ್ಕದಲ್ಲಿ ಈ ಪದವಿಯ ದಾರಿಗಳು ಕಡಿಮೆ, ನಿಜ: ಬೋಧನೆ, ಸಭಾಪಾಲನೆ, ಸಂಶೋಧನೆ, ಸಮಾಜಸೇವೆ. ಆದರೆ ಧರ್ಮದ ಹೆಸರಿನ ಮಾತಿಗೆ ಇಷ್ಟು ಬಲವಿರುವ ನಾಡಿನಲ್ಲಿ, ಆ ಮಾತನ್ನು ತೂಗಿ ನೋಡಬಲ್ಲವರು ಪೀಠದಲ್ಲೇ ಇರುವುದು ಎಲ್ಲರಿಗೂ ಒಳ್ಳೆಯದು.