ಹೋರಿಯಾದ ದೇವರು, ಹೋರಿಯೇರಿದ ದೇವರು

ಫ್ರಾನ್ಸಿನ ಬೋವೆ ಪಟ್ಟಣದ ಮಗ್ಗಗಳಲ್ಲಿ 18ನೇ ಶತಮಾನದಲ್ಲಿ ಹೋರಿಯೊಂದು ಮೈತಳೆಯಿತು. ಗ್ರೀಕ್ ಪುರಾಣದ ದೇವರಾಜ ಜ್ಯೂಸ್, ರಾಜಕುಮಾರಿ ಯುರೋಪಾಳನ್ನು ಹೊತ್ತೊಯ್ಯಲು ತಾಳಿದ ರೂಪವದು. ಫ್ರಾನ್ಸ್ವಾ ಬೂಷೆ ಬರೆದುಕೊಟ್ಟ ಚಿತ್ರಗಳನ್ನು ನೋಡಿ ನೇಕಾರರು ಉಣ್ಣೆ, ರೇಷ್ಮೆಯಲ್ಲಿ ನೇಯ್ದ ‘ದೇವತೆಗಳ ಪ್ರಣಯ’ ಮಾಲೆಯ ಒಂದು ಟ್ಯಾಪೆಸ್ಟ್ರಿ. ಅರಮನೆಯ ಗೋಡೆಯನ್ನೇ ತುಂಬುವ ಬಟ್ಟೆ.

ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಗೆ ಹೋದವರಿಗೆ ಇನ್ನೊಂದು ಹೋರಿ ಗೊತ್ತು. ಅಲ್ಲಿ ಗರ್ಭಗೃಹದಲ್ಲಿ ಶಿವ-ಪಾರ್ವತಿ ನಂದಿಯ ಬೆನ್ನೇರಿ ಕೂತಿದ್ದಾರೆ. ಯುರೋಪಾಳ ಕತೆಯಲ್ಲಿ ಅಪಹರಣವಿದೆ. ಇಲ್ಲಿ ದಂಪತಿಯ ಸವಾರಿ.

ಬೋವೆಯ ಕಾರ್ಖಾನೆ ಹುಟ್ಟಿದ್ದು 1664ರಲ್ಲಿ, ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ ಮುತುವರ್ಜಿಯಿಂದ. ಅಲ್ಲಿಯ ಮಗ್ಗದಲ್ಲಿ ಹಾಸು ಮಲಗಿರುತ್ತದೆ, ಅದರಡಿಯಲ್ಲಿ ಮಾದರಿ ಚಿತ್ರ. ಬಣ್ಣದ ಹೊಕ್ಕು ಹಾಸನ್ನು ಪೂರ್ತಿ ಮುಚ್ಚುತ್ತದೆ. ನೇಕಾರ ಕೆಲಸ ಮಾಡುವುದು ಬಟ್ಟೆಯ ಹಿಂಬದಿಯಿಂದ; ದೇವರ ಮುಖ ಆಚೆ ಬದಿಗೆ ಮೂಡುತ್ತಿರುತ್ತದೆ.

ನಮ್ಮ ಸೀಮೆಯಲ್ಲಿ ಪುರಾಣ ಬಟ್ಟೆಗೆ ಇಳಿದ ಬಗೆಯೇ ಬೇರೆ. ಬೆಟಗೇರಿಯ ನೇಕಾರರ ಮಗ್ಗದಿಂದ ಬಂದ ಸೀರೆಯಿರಲಿ, ಇಳಕಲ್ಲಿನದಿರಲಿ, ಅದರ ಮೇಲೆ ಕಸೂತಿ ತೆಗೆಯುವ ಹೆಣ್ಣುಮಗಳ ಮುಂದೆ ಮಾದರಿ ಚಿತ್ರವಿಲ್ಲ. ಅವಳು ಬಟ್ಟೆಯ ಎಳೆ ಎಣಿಸುತ್ತಾಳೆ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನಂದಿ ಎಲ್ಲವೂ ಲೆಕ್ಕದಲ್ಲೇ ಏಳುತ್ತವೆ. ನೇಗಿ ಹೊಲಿಗೆಯಂತೂ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗಂಟು ಹಾಕುವಂತಿಲ್ಲ. ಹೋದ ದಾರಿಯಲ್ಲೇ ಸೂಜಿ ಮರಳಿ ಬಂದು ಬಿಟ್ಟ ಜಾಗ ತುಂಬುತ್ತದೆ. ಹೀಗಾಗಿ ಸೀರೆಯ ಎರಡೂ ಮಗ್ಗುಲು ಒಂದೇ ಸಮ.

ಗಮನಿಸಿ, ಇಲ್ಲಿ ದೇವರ ಮನೆಯಿದೆ, ವಾಹನವಿದೆ, ತೇರಿದೆ. ದೇವರ ಮೈ ಮಾತ್ರ ಹೆಚ್ಚಾಗಿ ಕಾಣುವುದಿಲ್ಲ. ಉಟ್ಟು, ಒಗೆದು, ಸೆರಗಿನಲ್ಲಿ ಕೂಸನ್ನು ಮಲಗಿಸುವ ಬಟ್ಟೆಯ ಮೇಲೆ ಮೂರ್ತಿ ತರಲು ನಮ್ಮ ಹೆಂಗಸರಿಗೆ ಮನಸ್ಸಾಗಿರಲಿಕ್ಕಿಲ್ಲ ಎಂದು ನನಗನಿಸುತ್ತದೆ. ಆ ಕೆಲಸಕ್ಕೆ ಕಲ್ಲಿತ್ತು, ಕಾವ್ಯವಿತ್ತು. ಗದಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಮಿಂದು ಬಂದು, ಉಟ್ಟ ಒದ್ದೆ ಬಟ್ಟೆ ಆರುವತನಕ ಭಾರತ ಹೇಳುತ್ತಿದ್ದನೆಂದು ಊರ ಹಿರಿಯರು ಇಂದಿಗೂ ನೆನೆಯುತ್ತಾರೆ.

ಬೋವೆಯ ಬಟ್ಟೆಗಳಿಗೆ ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿ ಗೋಡೆ ಸಿಕ್ಕಿದೆ. ಅಜ್ಜಿಯರು ಕಸೂತಿ ತೆಗೆದ ಕರಿ ಚಂದ್ರಕಾಳಿ ಸೀರೆಗಳಿಗೂ ಆ ಮರ್ಯಾದೆ ಸಲ್ಲಬೇಕು. ಆದರೆ ಅವನ್ನು ಗೋಡೆಗೆ ಒತ್ತಿ ಹಾಕಬಾರದು; ನೋಡುವವರು ಹಿಂದೆಯೂ ಸುತ್ತಿ ಬರುವಂತೆ ನಡುವೆ ತೂಗುಹಾಕಬೇಕು.